ಪೊಟ್ಟಣದಲ್ಲಿ ಹೋದ ಜೆಟ್

ಹೋದ ತಿಂಗಳು ಮಗಳ ಕಾರನ್ನು ಸರ್ವಿಸ್‌ಗೆ ಬಿಡಲು ಅವಳ ಜೊತೆ ನಾನೂ ಹೋಗಿದ್ದೆ. ತಣ್ಣನೆಯ ಹಾಲ್, ಮೆತ್ತನೆಯ ಸೋಫಾ, ಗೋಡೆಯ ಮೇಲೆ ದೊಡ್ಡ ಟಿ.ವಿ. ಗ್ರೀಸಿನ ವಾಸನೆಯೇ ಇಲ್ಲದ ಜಾಗವನ್ನು ಗ್ಯಾರೇಜು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕೌಂಟರಿನಲ್ಲಿದ್ದ ಸರ್ವಿಸ್ ಅಡ್ವೈಸರನ್ನು ಮಗಳು ಕೇಳಿದಳು: ಸಾಫ್ಟ್‌ವೇರ್ ಅಪ್‌ಡೇಟ್ ಏನಾದರೂ ಇದ್ದರೆ ಈ ಸರ್ವಿಸ್ಸಿನಲ್ಲೇ ಮಾಡುತ್ತೀರೋ, ನಾವು ಬೇರೆ ಹೇಳಬೇಕೋ? ಆತ ನಗುತ್ತ, ಕಂಪನಿಯಿಂದ ಬಂದಿದ್ದರೆ ತಾನಾಗಿ ಆಗುತ್ತದೆ ಮೇಡಂ, ನಿಮಗೆ ಗೊತ್ತೂ ಆಗುವುದಿಲ್ಲ ಎಂದ.

ಆ ಕೊನೆಯ ಮಾತನ್ನು ಆತ ದೊಡ್ಡ ಉಪಕಾರ ಮಾಡುವವನ ಹಾಗೆ ಹೇಳಿದ. ನನಗೆ ಮೈ ಉರಿಯಿತು. ಮಗಳು ನನ್ನ ಮುಖ ನೋಡಿ, ಅಪ್ಪ, ಇಲ್ಲಿ ಶುರು ಮಾಡಬೇಡಿ ಎಂದು ಕಣ್ಣಲ್ಲೇ ಹೇಳಿದಳು. ಅಲ್ಲಿ ಶುರು ಮಾಡಲಿಲ್ಲ. ಇಲ್ಲಿ ಮಾಡುತ್ತಿದ್ದೇನೆ.

ಅದು ಎಂಬತ್ತರ ದಶಕದ ಕೊನೆಯ ಭಾಗ. ಹೊಸ ಮಾದರಿಯ ಸಣ್ಣ ಕಾರುಗಳು ಮುಂಬಯಿಯ ರಸ್ತೆ ತುಂಬಿಕೊಳ್ಳುತ್ತಿದ್ದ ಕಾಲ. ವಡಾಲದಲ್ಲಿ, ಬಂದರಿನ ಗೋದಾಮುಗಳ ಬೆನ್ನಿಗೆ, ಅಂಥ ಕಾರುಗಳ ಡೀಲರೊಬ್ಬರ ವರ್ಕ್‌ಶಾಪಿನಲ್ಲಿ ನಾನು ಸರ್ವಿಸ್ ಸೂಪರ್‌ವೈಸರ್ ಆಗಿದ್ದೆ. ಬೆಳಿಗ್ಗೆ ಗಿರಾಕಿಯ ದೂರು ಕೇಳಿ ಜಾಬ್ ಕಾರ್ಡ್ ಬರೆಯುವುದು, ಸಂಜೆ ಗಾಡಿ ಓಡಿಸಿ ನೋಡಿ ಕೀಲಿ ಕೊಡುವುದು, ನಡುವೆ ಎಲ್ಲರಿಂದ ಬೈಸಿಕೊಳ್ಳುವುದು ನನ್ನ ಕೆಲಸ.

ಆಗಿನ ಕಾರಿನಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಎಂಜಿನ್ನಿಗೆ ಎಷ್ಟು ಪೆಟ್ರೋಲ್, ಎಷ್ಟು ಗಾಳಿ ಎಂದು ತೀರ್ಮಾನಿಸುತ್ತಿದ್ದುದು ಕಾರ್ಬುರೇಟರ್. ಅದರ ಪಕ್ಕದಲ್ಲಿ ಹಿತ್ತಾಳೆಯ ಒಂದು ಪುಟ್ಟ ತಿರುಪು ಇರುತ್ತಿತ್ತು, ನಡುವೆ ಕೂದಲೆಳೆಯಷ್ಟು ತೂತು. ಅದಕ್ಕೆ ಸ್ಲೋ ಜೆಟ್ ಎನ್ನುತ್ತಿದ್ದೆವು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೂ ಎಂಜಿನ್ ನಿಲ್ಲದೆ ಓಡುತ್ತಿರುವುದು ಆ ತೂತಿನಿಂದ ಬರುವ ಪೆಟ್ರೋಲಿನಿಂದ. ಕಾರ್ಖಾನೆಯವರು ಆ ತೂತನ್ನು ಒಟ್ಟಿಗೆ ತಯಾರಾದ ಒಂದು ಕಂತಿನ ಕಾರುಗಳಲ್ಲಿ ತುಸು ಸಣ್ಣದಾಗಿಸಿದ್ದರು. ಲೀಟರಿಗೆ ಹೆಚ್ಚು ಕಿಲೋಮೀಟರ್ ಬರಲಿ ಎಂಬ ಆಸೆ. ನಮ್ಮ ಊರಿನ ಗಿರಾಕಿಗಳಿಗೆ ಬೇಕಾದದ್ದೂ ಅದೇ. ಕಾರಿನ ಬಣ್ಣ ಹೋದರೂ ಸಹಿಸಿಯಾರು, ‘ಆವರೇಜ್’ ಕಮ್ಮಿಯಾದರೆ ಸಹಿಸುತ್ತಿರಲಿಲ್ಲ.

ಆದರೆ ಬಿಸಿಲಿನಲ್ಲಿ, ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ಆ ಎಂಜಿನ್ನುಗಳು ಸಿಗ್ನಲ್ ಬಂದ ಕೂಡಲೇ ಉಸಿರು ನಿಲ್ಲಿಸುತ್ತಿದ್ದವು. ಕಂಪನಿಯಿಂದ ಸರ್ಕ್ಯುಲರ್ ಬಂತು: ಈ ಕಂತಿನ ಕಾರು ಮಾಮೂಲಿ ಸರ್ವಿಸ್ಸಿಗೆ ಬಂದಾಗ ಸ್ಲೋ ಜೆಟ್ ತೆಗೆದು ಒಂದು ಅಳತೆ ದೊಡ್ಡದನ್ನು ಹಾಕಿ, ಕಾರ್ಬುರೇಟರಿನ ಮುಚ್ಚಳ ಬಿಚ್ಚಿ ಒಳಗಿನ ಪೆಟ್ರೋಲ್ ಮಟ್ಟವನ್ನು ಸ್ವಲ್ಪ ಏರಿಸಿ, ಗಿರಾಕಿಗೆ ಇದನ್ನು ಹೇಳಬೇಕಾಗಿಲ್ಲ. ಹೇಳಿದರೆ ಹೊಸ ಕಾರಿನಲ್ಲೇ ದೋಷವಂತೆ ಎಂದು ಊರೆಲ್ಲ ಸುದ್ದಿಯಾಗುತ್ತದೆ ಎಂಬ ಭಯ ಅವರಿಗೆ.

ಈ ಕೆಲಸ ಬಿದ್ದದ್ದು ನಮ್ಮ ಕಾರ್ಬುರೇಟರ್ ಮಿಸ್ತ್ರಿಯ ಮೇಲೆ. ಕಾರ್ಕಳದ ಕಡೆಯವರು. ಚಿಕ್ಕವರಿದ್ದಾಗ ಮಾಟುಂಗಾದ ಒಂದು ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಗ್ಯಾರೇಜು ಸೇರಿದವರು. ಮಾತು ಕಡಿಮೆ, ಮೂಗಿನ ತುದಿಯಲ್ಲಿ ಕೋಪ. ಕೆಲಸ ಮುಗಿದ ಮೇಲೆ ತಾನು ಬಿಗಿ ಮಾಡಿದ ತಿರುಪಿನ ತಲೆಗೆ ಹಳದಿ ಬಣ್ಣದ ಒಂದು ಚುಕ್ಕೆ ಇಡುತ್ತಿದ್ದರು. ತಿರುಪನ್ನು ಬೇರೆ ಯಾರಾದರೂ ತಿರುಗಿಸಿದರೆ ಚುಕ್ಕೆ ಒಡೆಯುತ್ತಿತ್ತು. ಅವರ ಇನ್ನೊಂದು ನೇಮ, ಕಾರಿನಿಂದ ಬಿಚ್ಚಿದ ಹಳೆಯ ಸಾಮಾನನ್ನೆಲ್ಲ ಪೊಟ್ಟಣ ಕಟ್ಟಿ ಡಿಕ್ಕಿಯಲ್ಲಿ ಇಡುವುದು. ಮುಂಬಯಿಯಲ್ಲಿ ಆಗ ಎಲ್ಲ ಗ್ಯಾರೇಜಿನಲ್ಲೂ ಆ ಪದ್ಧತಿಯಿತ್ತು. ಹಳೆಯದು ಕೈಗೆ ಬಂದರೆ ಮಾತ್ರ ಹೊಸದು ಹಾಕಿದ್ದಾರೆ ಎಂದು ಗಿರಾಕಿ ನಂಬುತ್ತಿದ್ದ. ಉಳಿದ ಮೆಕ್ಯಾನಿಕ್‌ಗಳು ದೊಡ್ಡ ಸಾಮಾನು ಕೊಟ್ಟು ಸಣ್ಣದನ್ನು ಕಸಕ್ಕೆ ಹಾಕುತ್ತಿದ್ದರು. ನಮ್ಮ ಮಿಸ್ತ್ರಿ ವಾಷರನ್ನೂ ಬಿಡುತ್ತಿರಲಿಲ್ಲ.

ಕೆಲವು ವಾರ ಎಲ್ಲ ಸರಿಯಾಗಿ ನಡೆಯಿತು. ಒಂದು ಬೆಳಿಗ್ಗೆ ಸಯನ್ನಿನ ಲೇಡಿ ಡಾಕ್ಟರೊಬ್ಬರು ನನ್ನ ಮೇಜಿನ ಮುಂದೆ ಬಂದು ಕೀಲಿಯನ್ನು ಕುಕ್ಕಿದರು. ಹೆರಿಗೆ ಡಾಕ್ಟರು, ಮನೆಮಾತು ಕೊಂಕಣಿ, ನಮ್ಮ ಹಳೆಯ ಗಿರಾಕಿ. ಹಿಂದಿನ ವಾರವಷ್ಟೇ ಅವರ ಕಾರು ಸರ್ವಿಸ್ ಆಗಿತ್ತು.

“ನೀವು ಸರ್ವಿಸ್ ಮಾಡೋದಾ, ಇಲ್ಲಾ ಬರೀ ತೊಳೆದು ಕೊಡೋದಾ?” ಎಂದರು. “ನಿನ್ನೆ ಚೆಂಬೂರಿಗೆ ಪೇಶೆಂಟ್ ನೋಡ್ಲಿಕ್ಕೆ ಹೊರಟಿದ್ದೆ. ಫಾಟಕ್ ಮೇಲೆ ಬಂದ್ ಬಿತ್ತು ಕಾರು. ಹಳಿ ಮೇಲೆ. ಸೆಲ್ಫ್ ಹೊಡೀತೇನೆ, ಹೊಡೀತೇನೆ, ಸ್ಟಾರ್ಟ್ ಆಗುವುದೇ ಇಲ್ಲ. ಆಚೆ ಕಡೆ ಲೋಕಲ್ ಟ್ರೇನ್ ಬಂದು ನಿಂತು ಹಾರ್ನ್ ಹಾಕ್ತಾ ಉಂಟು. ಯಾರೋ ನಾಲ್ಕು ಜನ ತಳ್ಳಿದ್ರು.”

ಗೇಟು ಹಾಕದೆ ಲೋಕಲ್‌ಗೆ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ಗಾಡಿ ಮೈಮೇಲೆ ಬರುತ್ತಿರಲಿಲ್ಲ ಎಂದು ಸಮಾಧಾನ ಹೇಳಬಹುದಿತ್ತು. ಹಳಿಯ ಮೇಲೆ ಕೂತವರಿಗೆ ಅದು ಸಮಾಧಾನವಲ್ಲ. ನಾನು ಜಾಬ್ ಕಾರ್ಡ್ ಬರೆದುಕೊಂಡೆ.

ಆ ವಾರ ಕಾರ್ಖಾನೆಯ ಎಂಜಿನಿಯರ್ ಒಬ್ಬರು ಮುಂಬಯಿಗೆ ಬಂದಿದ್ದರು. ಡೀಲರುಗಳು ಸರ್ಕ್ಯುಲರಿನಂತೆ ಕೆಲಸ ಮಾಡಿದ್ದಾರೋ ಇಲ್ಲವೋ ನೋಡುವುದೇ ಅವರ ಕೆಲಸ. ಉತ್ತರದ ಕಡೆಯವರು, ಮರ್ಯಾದಸ್ಥರು, ಶರ್ಟಿನ ತೋಳು ಮಡಚಿ ತಾವೇ ಕೈ ಹಾಕುವವರು. ಡಾಕ್ಟರ ಕಾರಿನ ಏರ್ ಕ್ಲೀನರ್ ತೆಗೆದು, ಸ್ಲೋ ಜೆಟ್ ಬಿಚ್ಚಿ, ತಲೆಯ ಮೇಲಿನ ಅಂಕಿಯನ್ನು ಬೆಳಕಿಗೆ ಹಿಡಿದು ಓದಿದರು. ನನ್ನ ಕೈಗೂ ಕೊಟ್ಟರು. ಹಳೆಯ ಜೆಟ್.

ನಮ್ಮ ಸ್ಟೋರಿನವನು ಆ ಕಾರಿನ ಹೆಸರಿನಲ್ಲಿ ಹೊಸ ಜೆಟ್ ಕೊಟ್ಟಿದ್ದ, ಮಿಸ್ತ್ರಿ ಸಹಿ ಹಾಕಿ ತೆಗೆದುಕೊಂಡಿದ್ದರು. ಎಂಜಿನಿಯರ್ ಕೇಳಿದ್ದು ಒಂದೇ ಮಾತು, ಹಾಗಾದರೆ ಹೊಸದು ಎಲ್ಲಿ ಹೋಯಿತು ಎಂದು: “ತೋ ನಯಾ ಜೆಟ್ ಕಹಾಂ ಗಯಾ?”

ಮಿಸ್ತ್ರಿ “ಹಾಕಿದ್ದೇನೆ” ಎಂದರು. ಅಷ್ಟೇ. ಎಂಜಿನಿಯರ್ ಅದೇ ಕಂತಿನ ಇನ್ನೂ ಎರಡು ಕಾರುಗಳನ್ನು ಕರೆಸಿದರು. ಒಂದರಲ್ಲಿ ಹೊಸದಿತ್ತು. ಮಾಟುಂಗಾದ ಸ್ಕೂಲ್ ಟೀಚರೊಬ್ಬರ ಕಾರಿನಲ್ಲಿ ಮತ್ತೆ ಹಳೆಯದು. ಎಲ್ಲದರಲ್ಲೂ ಹಳೆಯದಿದ್ದರೆ ಏನೋ ಗೊಂದಲ ಅನ್ನಬಹುದಿತ್ತು. ಕೆಲವಕ್ಕೆ ಹಾಕಿ ಕೆಲವಕ್ಕೆ ಹಾಕದಿದ್ದರೆ ಅದಕ್ಕೆ ಇರುವ ಹೆಸರು ಬೇರೆ. ಕುರ್ಲಾದ ಸ್ಪೇರ್ ಅಂಗಡಿಗಳಲ್ಲಿ ಕಂಪನಿಯ ಅಸಲಿ ಜೆಟ್ಟಿಗೆ ಯಾವಾಗಲೂ ಬೇಡಿಕೆ.

ನಮ್ಮ ವರ್ಕ್ಸ್ ಮ್ಯಾನೇಜರ್ ಗಲಾಟೆ ಇಷ್ಟಪಡದ ಮನುಷ್ಯ. ಮಿಸ್ತ್ರಿಯನ್ನು ಕರೆದು, ಎಂಜಿನಿಯರ್ ವರದಿ ಬರೆದು ಹೊರಡುವವರೆಗೆ ಕೆಲಸಕ್ಕೆ ಬರಬೇಡ ಎಂದರು. ವರದಿಯಲ್ಲಿ ಹೆಸರು ಹೋದರೆ ನಮ್ಮಲ್ಲಷ್ಟೇ ಅಲ್ಲ, ಆ ಕಂಪನಿಯ ಯಾವ ಡೀಲರ್ ಹತ್ತಿರವೂ ಅವರಿಗೆ ಕೆಲಸ ಸಿಗುವುದಿಲ್ಲ. ಉಳಿದ ಗ್ಯಾರೇಜುಗಳಿಗೂ ಮಾತು ಹರಡುತ್ತದೆ: ಪಾರ್ಟ್ ಚೋರ್. ಮಿಸ್ತ್ರಿ ಕೈ ಒರೆಸಿಕೊಂಡು, ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಅದರದರ ಜಾಗದಲ್ಲಿಟ್ಟು, ಹಳದಿ ಬಣ್ಣದ ಡಬ್ಬಿಯ ಮುಚ್ಚಳ ಬಿಗಿ ಮಾಡಿ ಹೊರಟುಹೋದರು.

ಅವರು ಕದ್ದಿಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಅನ್ನಿಸಿದರೆ ಸಾಲದು. ಡಾಕ್ಟರ ಕಾರಿನ ಬಾನೆಟ್ ಎತ್ತಿ ಮತ್ತೆ ನೋಡಿದೆ. ಆ ಕಾರ್ಬುರೇಟರಿನ ಮೈಯಲ್ಲಿ ಒಂದು ದುಂಡನೆಯ ಗಾಜಿನ ಕಿಂಡಿ ಇತ್ತು, ಒಳಗಿನ ಪೆಟ್ರೋಲ್ ಮಟ್ಟ ಹೊರಗಿನಿಂದ ಕಾಣಲೆಂದು. ಎಂಜಿನ್ ಚಾಲೂ ಮಾಡಿ ನೋಡಿದರೆ ಪೆಟ್ರೋಲ್ ಸರಿಯಾಗಿ ಹೊಸ ಗುರುತಿನಲ್ಲಿ ನಿಂತಿತ್ತು. ಅಂದರೆ ಮುಚ್ಚಳ ಬಿಚ್ಚಿ ಮಟ್ಟ ಏರಿಸುವ ಕಷ್ಟದ ಕೆಲಸ ಆಗಿದೆ. ಮುಚ್ಚಳದ ತಿರುಪುಗಳ ಮೇಲೆ ಹಳದಿ ಚುಕ್ಕೆಗಳು ಗಟ್ಟಿಯಾಗಿದ್ದವು. ಸ್ಲೋ ಜೆಟ್ ಇರುವುದು ಹೊರಗೆ. ಏರ್ ಕ್ಲೀನರ್ ತೆಗೆದರೆ ಯಾರು ಬೇಕಾದರೂ ಬಿಚ್ಚಬಹುದು.

ಎಂಜಿನಿಯರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ ತಲೆಯಾಡಿಸಿದರು. ಮಟ್ಟ ಏರಿಸಿದ್ದು ನಿಜ, ಆದರೆ ಮಟ್ಟ ಏರಿಸಿದವನು ಜೆಟ್ ಜೇಬಿಗೆ ಹಾಕಿಕೊಂಡಿಲ್ಲ ಎಂದು ಇದರಿಂದ ಹೇಗೆ ಗೊತ್ತಾಗುತ್ತದೆ ಎಂದರು. ಜೆಟ್ಟಿನ ಮೇಲೂ ಹಳದಿ ಚುಕ್ಕೆ ಇತ್ತೇ ಎಂದು ಕೇಳಿದೆ. ಅವರು ತಮ್ಮ ಕೈಯಿಂದಲೇ ಅದನ್ನು ಬಿಚ್ಚಿದ್ದರು. ಇತ್ತೋ ಇಲ್ಲವೋ ಗಮನಿಸಿರಲಿಲ್ಲ. ಅಲ್ಲಿಗೆ ನನ್ನ ಪತ್ತೇದಾರಿಕೆ ನಿಂತಿತು.

ಮಧ್ಯಾಹ್ನ, ಸದ್ಯಕ್ಕೆ ನಿಲ್ಲದಂತೆ ಹೊಂದಿಸಿದ ಕಾರನ್ನು ತಲುಪಿಸುವ ನೆಪದಲ್ಲಿ ಸಯನ್ನಿಗೆ ಹೋಗಿ ಡಾಕ್ಟರನ್ನು ಕಂಡೆ. ನಮ್ಮ ಸರ್ವಿಸ್ ಆದ ಮೇಲೆ ಬೇರೆ ಯಾರಾದರೂ ಕಾರು ರಿಪೇರಿ ಮಾಡಿದರೇ ಎಂದು ಕೇಳಿದೆ.

“ಇಲ್ಲಪ್ಪ. ಹೊಸಾ ಕಾರು, ಸರ್ವಿಸ್ ನಿಮ್ಮದೇ. ಬೇರೆಯವರು ರಿಪೇರಿ ಮಾಡ್ಲಿಕ್ಕೆ ಎಂಥ ಉಂಟು ಅದರಲ್ಲಿ?”

ಮಾಟುಂಗಾದ ಟೀಚರೂ ಅದನ್ನೇ ಹೇಳಿದರು. ಇಬ್ಬರೂ ಸುಳ್ಳು ಹೇಳುವ ಜನರಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು? ಬಸ್ಸಿನಲ್ಲಿ ಕೂತು ಯೋಚಿಸಿದೆ, ಉತ್ತರ ಇಷ್ಟವಾಗಲಿಲ್ಲ. ಮನೆಗೆ ಹೋಗದೆ ಆಂಟಾಪ್ ಹಿಲ್‌ನ ಕಡೆಯ ಚಾಳಿನಲ್ಲಿದ್ದ ಮಿಸ್ತ್ರಿಯ ಒಂದೇ ಕೋಣೆಯ ಖೋಲಿಗೆ ಹೋದೆ.

ಅವರು ಬಾಗಿಲಲ್ಲೇ ಕೂತಿದ್ದರು. ಒಳಗೆ ಬನ್ನಿ ಅನ್ನಲಿಲ್ಲ. ನಾನೇ ಹೊಸ್ತಿಲ ಪಕ್ಕ ಕೂತೆ.

“ನೀವೂ ಕೇಳ್ಲಿಕ್ಕೆ ಬಂದದ್ದಾ ಸಾರ್? ಜೆಟ್ ಎಲ್ಲಿ ಅಂತ?”

“ಹೊಸದರ ವಿಷಯ ಕೇಳಲ್ಲ. ಹಳೇದನ್ನ ಏನ್ ಮಾಡಿದ್ರಿ?”

ಅವರಿಗೆ ಸಿಟ್ಟು ಬಂತು. “ಹಳೇದು ಗಿರಾಕಿದ್ದಲ್ವಾ? ಪೊಟ್ಟಣ ಕಟ್ಟಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಇಷ್ಟು ವರ್ಷ ಒಂದು ಬೋಲ್ಟ್ ಇಟ್ಕೊಂಡವ ಅಲ್ಲ ಮಾರಾಯ್ರೆ ನಾನು.”

“ಜೆಟ್ ಬದಲಾಯಿಸಿದ್ದು ಅಂತ ಅವರಿಗೆ ಹೇಳಿದ್ರಾ?”

“ಹೇಳಬಾರದು ಅಂತ ನೀವೇ ಹೇಳಿದ್ದಲ್ವಾ?”

ಹೌದು, ಸರ್ಕ್ಯುಲರ್ ಓದಿ ಹೇಳಿದ್ದು ನಾನೇ. ಬಾಯಲ್ಲಿ ಹೇಳಬಾರದು ಎಂದು ಕಂಪನಿ ಅಂದಿತ್ತು. ಪೊಟ್ಟಣದ ವಿಷಯ ಕಂಪನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಗಿರಾಕಿಗೆ ತಿಳಿಯದ ಹಾಗೆ ಬದಲಾಯಿಸಿದ ಜೆಟ್ಟನ್ನು ನಾವು ಅಚ್ಚುಕಟ್ಟಾಗಿ ದಾರ ಸುತ್ತಿ ಗಿರಾಕಿಯ ಕೈಗೇ ಕೊಟ್ಟು ಕಳಿಸಿದ್ದೆವು.

ಮರುದಿನ ಬೆಳಿಗ್ಗೆ ಡಾಕ್ಟರು ಕ್ಲಿನಿಕ್ಕಿಗೆ ಹೊರಡುವ ಮುಂಚೆ ಹೋಗಿ ಹಿಡಿದೆ. ಡಿಕ್ಕಿಯಲ್ಲಿದ್ದ ಹಳೆಯ ಸಾಮಾನಿನ ಪೊಟ್ಟಣ ಎಲ್ಲಿ ಎಂದು ಕೇಳಿದೆ.

“ಅದಾ? ಅದು ಉಸ್ತಾದನ ಹತ್ರ ಇರ್ತದೆ. ಅವನೇ ನೋಡೋದು.”

“ಯಾವ ಉಸ್ತಾದ್ ಮೇಡಂ?”

“ನಮ್ಮ ಉಸ್ತಾದ್. ಧಾರಾವಿಯಲ್ಲಿ. ನಮ್ಮ ತಂದೆ ಕಾಲದ ಕಾರಿಂದ ಅವನೇ. ನಿಮ್ಮಲ್ಲಿ ಸರ್ವಿಸ್ ಆದ ಮೇಲೆ ಒಮ್ಮೆ ಅವನಿಗೆ ತೋರಿಸ್ತೇನೆ.”

“ನಿನ್ನೆ ಯಾರೂ ಮುಟ್ಟಿಲ್ಲ ಅಂದ್ರಲ್ಲ?”

ಅವರು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು. “ನೀವು ರಿಪೇರಿ ಅಂತ ಕೇಳಿದ್ದು. ಇದು ರಿಪೇರಿ ಅಲ್ವಲ್ಲ. ಬರೀ ತೋರಿಸೋದು.”

ಇದನ್ನು ಓದುವ ಮುಂಬಯಿಯ ಹಳಬರು ಯಾರಾದರೂ ಇದ್ದರೆ ಈಗ ನಗುತ್ತಿರುತ್ತಾರೆ. ಕಂಪನಿಯ ಸರ್ವಿಸ್ ಕಡ್ಡಾಯ, ಮಾಡಿಸದಿದ್ದರೆ ವಾರಂಟಿ ಹೋಗುತ್ತದೆ. ಆದರೆ ನಂಬಿಕೆ ಮಾತ್ರ ತಮ್ಮ ಉಸ್ತಾದನ ಮೇಲೆ. ಸರ್ವಿಸ್ ಮುಗಿಸಿ ನಮ್ಮ ಗೇಟು ದಾಟಿದ ಕಾರು ಸೀದಾ ಮನೆಗೆ ಹೋಗುತ್ತಿರಲಿಲ್ಲ. ಉಸ್ತಾದ್ ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ‘ಠೀಕ್ ಹೈ’ ಎಂದ ಮೇಲೆಯೇ ಸರ್ವಿಸ್ ಪೂರ್ತಿ. ಆಸ್ಪತ್ರೆಯ ಚೀಟಿಯನ್ನು ಪರಿಚಯದ ಡಾಕ್ಟರಿಗೆ ತೋರಿಸುವ ಹಾಗೆ. ಈ ಮಾತನ್ನು ಡಾಕ್ಟರ ಎದುರೇ ಹೇಳಿದ್ದೆ; ಅವರಿಗೆ ನಗು ಬಂತು, ನನಗೆ ಬರಲಿಲ್ಲ.

ಅದೇ ಬೆಳಿಗ್ಗೆ ಧಾರಾವಿಗೆ ಹೋದೆ. ಚರ್ಮದ ಅಂಗಡಿಗಳ ಸಾಲು ದಾಟಿ, ಡಬ್ಬಿಗಳನ್ನು ಬಡಿದು ತಗಡು ಮಾಡುವ ಜಾಗದ ಪಕ್ಕ, ರಸ್ತೆಯ ಮೇಲೇ ಅರ್ಧ ಚಾಚಿಕೊಂಡ ಗ್ಯಾರೇಜು. ಉಸ್ತಾದ್ ಐವತ್ತು ದಾಟಿದ ಗಟ್ಟಿ ಆಳು. ಟೀಚರ ಕಾರೂ ಅಲ್ಲಿಗೇ ಬರುತ್ತದೆ ಎಂದು ಆಮೇಲೆ ತಿಳಿಯಿತು. ನಾನು ಹಿಂದಿಯಲ್ಲಿ ಶುರು ಮಾಡಿದೆ. ನನ್ನ ಹಿಂದಿ ಕೇಳಿ ಅವರು ಕನ್ನಡಕ್ಕೆ ತಿರುಗಿದರು, ಬಿಜಾಪುರದ ಕಡೆಯವರು.

“ಹೌದ್ರೀ ಸಾಹೇಬ್ರ, ಡಾಕ್ಟರ್ ಬಾಯಿ ಗಾಡಿ ಬಂದಿತ್ತು. ಜೆಟ್ ನಾನ ಬದಲಿ ಮಾಡೇನಿ. ಯಾಕ್ರೀ, ಏನರ ಆತೇನು?”

ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದಕ್ಕೆ ನಾನು ತಯಾರಾಗಿ ಬಂದಿದ್ದ ಮಾತೆಲ್ಲ ಕೆಲಸಕ್ಕೆ ಬರಲಿಲ್ಲ. ಯಾಕೆ ಬದಲಾಯಿಸಿದಿರಿ ಎಂದೆ.

“ಪೊಟ್ಣಿ ಬಿಚ್ಚಿ ನೋಡಿದೆ. ಫಿಲ್ಟರ್ ಹೊಲಸಾಗಿತ್ತು, ಬರೋಬರಿ. ಪ್ಲಗ್ ಸವದಿದ್ವು, ಬರೋಬರಿ. ಈ ಜೆಟ್ ನೋಡಿದ್ರ ಛಲೋ ಐತಿ. ಸವದಿಲ್ಲ, ಕಟ್ಟಿಲ್ಲ. ಛಲೋ ಜೆಟ್ ಯಾಕ ತಗದ್ರು? ಗಾಡ್ಯಾಗಿಂದು ನೋಡಿದೆ, ತೂತು ದೊಡ್ಡದು. ಪೆಟ್ರೋಲ್ ಕುಡೀತೈತಿ. ನಿಮ್ಮ ಮಂದಿ ಏನೋ ಗಡಬಡ ಮಾಡ್ಯಾರ ಅಂತ ತಿಳಕೊಂಡು ಅಸಲಿದು ಹಾಕಿ ಕೊಟ್ಟೆ.”

ನಮ್ಮ ಕಳ್ಳತನವನ್ನು ತಾನು ಸರಿಪಡಿಸಿದೆ ಎಂದು ಅವರು ತಿಳಿದಿದ್ದರು. ಹೊಸ ಜೆಟ್ಟುಗಳು ಏನಾದವು ಎಂದು ಕೇಳಿದ್ದಕ್ಕೆ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದು ಅಲ್ಲಾಡಿಸಿದರು. ಒಳಗೆ ಹಿತ್ತಾಳೆಯ ಜೆಟ್ಟುಗಳು, ತಲೆಯ ಮೇಲೆ ಒಡೆದ ಹಳದಿ ಚುಕ್ಕೆಗಳು. ಸಯನ್, ಮಾಟುಂಗಾ, ವಡಾಲದ ಗಿರಾಕಿಗಳ ಕಾರಿನವು. “ನಿಮ್ಮವು ಇರ್ತಾವ, ಒಯ್ರಿ” ಎಂದರು. ನನ್ನ ಕಣ್ಣು ತುಂಬಿತು. ಸುಳ್ಳೇಕೆ, ಬೀದಿಯಲ್ಲಿ ನಿಂತು ಆ ಡಬ್ಬಿಯನ್ನು ಎದೆಗೊತ್ತಿಕೊಳ್ಳಬೇಕು ಅನ್ನಿಸಿತು. ಆದರೆ ನಾನು ಒಯ್ದರೆ ಯಾರೂ ನಂಬರು ಎಂದು ಅದನ್ನು ಅವರ ಹತ್ತಿರವೇ ಬಿಟ್ಟೆ.

ದೊಡ್ಡ ತೂತು ಯಾಕೆ ಬೇಕಾಯಿತು, ಸಣ್ಣ ತೂತಿನಿಂದ ಡಾಕ್ಟರು ಹಳಿಯ ಮೇಲೆ ಹೇಗೆ ಸಿಕ್ಕಿಕೊಂಡರು ಎಂದು ಹೇಳಿದೆ. ಉಸ್ತಾದ್ ಕೈಯಲ್ಲಿದ್ದ ಸ್ಪಾನರನ್ನು ಕೆಳಗಿಟ್ಟರು.

“ಹಳಿ ಮ್ಯಾಲ?” ಎಂದರು. ಡಬ್ಬಿಯ ಕಡೆ ನೋಡಿ, “ಇದನ್ನ ಮೊದಲ ಹೇಳಬೇಕಿತ್ತಲ್ರೀ ಸಾಹೇಬ್ರ” ಎಂದರು.

ವರ್ಕ್‌ಶಾಪಿಗೆ ಬಂದು ಮ್ಯಾನೇಜರಿಗೆ ಎಲ್ಲ ಹೇಳಿದೆ. ಅವರು ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಬಾಗಿಲು ಹಾಕಿ ಕೂರಿಸಿದರು. ಇದನ್ನು ಎಂಜಿನಿಯರಿಗೆ ಹೇಳಿದರೆ ಏನು ಹೇಳಿದಂತಾಯಿತು? ನೀವು ಗಿರಾಕಿಗೆ ಹೇಳಬೇಡಿ ಅಂದಿರಿ, ಅದಕ್ಕೇ ಹೀಗಾಯಿತು ಎಂದು ಕಂಪನಿಯನ್ನೇ ದೂರಿದಂತಾಯಿತು. ಡೀಲರ್‌ಶಿಪ್ ಕೊಟ್ಟವರ ಜೊತೆ ಯಾರಾದರೂ ಹಾಗೆ ಮಾತಾಡುತ್ತಾರೆಯೇ? ಮಿಸ್ತ್ರಿಗೆ ಬೇರೆ ಕಡೆ ಎಲ್ಲಾದರೂ ನೋಡೋಣ, ನೀನು ಆ ಡಬ್ಬಿಯನ್ನು ಮರೆತುಬಿಡು ಎಂದರು.

ಬೇರೆ ಕಡೆ ಎಲ್ಲಿ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಎಲ್ಲೂ ಇಲ್ಲ. ಎಂಜಿನಿಯರ್ ಮರುದಿನ ಸಂಜೆಯ ರೈಲಿಗೆ ಹೊರಡುವವರು. ನನ್ನ ಟೇಬಲ್ಲಿಗೆ ಬಂದು ಫೋನ್ ಎತ್ತಿ ಡಾಕ್ಟರಿಗೆ ಹೇಳಿದೆ: ನಾಳೆ ಬೆಳಿಗ್ಗೆ ಕಾರು ತನ್ನಿ, ಬರುವಾಗ ನಿಮ್ಮ ಉಸ್ತಾದನ್ನೂ ಅವರ ಬಿಸ್ಕತ್ತಿನ ಡಬ್ಬಿ ಸಮೇತ ಕೂರಿಸಿಕೊಂಡು ಬನ್ನಿ. ಮ್ಯಾನೇಜರನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು, ಬೇಡ ಅಂದ ಮೇಲೆ ಮಾಡುವ ಧೈರ್ಯ ನನಗಿರಲಿಲ್ಲ. ಮಿಸ್ತ್ರಿಗೂ ಬರಲು ಹೇಳಿಕಳಿಸಿದೆ.

ಬೆಳಿಗ್ಗೆ ಉಸ್ತಾದ್ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದರು. ಡಾಕ್ಟರ ಪಕ್ಕದ ಸೀಟಿನಿಂದ ಇಳಿದು, ಸೀದಾ ಎಂಜಿನಿಯರ್ ಮುಂದೆ ನಿಂತು ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. “ಯೇ ಸಬ್ ಮೈನೇ ನಿಕಾಲಾ, ಸಾಬ್” ಎಂದರು. ಮ್ಯಾನೇಜರ್ ನನ್ನನ್ನು ನೋಡಿದ ನೋಟವನ್ನು ಇವತ್ತಿಗೂ ಮರೆತಿಲ್ಲ.

ಎಂಜಿನಿಯರ್ ಜೆಟ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಅಂಕಿ ನೋಡಿದರು. ಯಾಕೆ ತೆಗೆದೆ ಎಂದು ಕೇಳಿದರು. ಉಸ್ತಾದ್ ನನಗೆ ಹೇಳಿದ್ದನ್ನೇ ಹಿಂದಿಯಲ್ಲಿ ಹೇಳಿದರು. ಎಂಜಿನಿಯರ್ ಡಾಕ್ಟರ ಕಡೆ ತಿರುಗಿ, ನಿಮಗೆ ಮೊದಲೇ ತಿಳಿಸಿದ್ದರೆ ಇದನ್ನು ತೆಗೆಸುತ್ತಿದ್ದಿರಾ ಎಂದರು. ಡಾಕ್ಟರು ಇಂಗ್ಲಿಷಿನಲ್ಲಿ, ಪೇಶೆಂಟಿಗೆ ಹೇಳದೆ ನಾನು ಮಾತ್ರೆ ಬದಲಾಯಿಸಿದರೆ ಅವಳು ಮನೆಗೆ ಹೋಗಿ ಹಳೆಯದನ್ನೇ ನುಂಗುತ್ತಾಳೆ, ತಪ್ಪು ಯಾರದು ಎಂದು ಕೇಳಿದರು. ಎಂಜಿನಿಯರ್ ಮೇಜಿನ ಮೇಲಿನ ಜೆಟ್ಟುಗಳನ್ನು ಎಣಿಸಿದರು. ಬೇರೆ ಊರುಗಳಲ್ಲೂ ಹೀಗೇ ಆಗಿರಬಹುದಲ್ಲ ಎಂದು ಅವರಿಗೆ ಆಗ ಹೊಳೆದಿರಬೇಕು.

ಕೊನೆಗೆ ಅವರು ಹೇಳಿದ್ದು ಇಷ್ಟು. ಈಗ ವರದಿಯಲ್ಲಿ ಮಿಸ್ತ್ರಿಯ ಹೆಸರು ಹಾಕುವುದಿಲ್ಲ. ಆದರೆ ನಿಮ್ಮ ಕೆಲಸ ಗೇಟಿನ ಹೊರಗೂ ಉಳಿಯಬೇಕು. ಮುಂದಿನ ಸಲ ಬಂದಾಗ ಇದೇ ಕಾರನ್ನು ಕರೆಸುತ್ತೇನೆ, ಹೊಸ ಜೆಟ್ ಇಲ್ಲದಿದ್ದರೆ ಹೆಸರು ಹೋಗುತ್ತದೆ. ಗಿರಾಕಿಗೆ ಹೇಳುವ ವಿಷಯ? ಸರ್ಕ್ಯುಲರ್ ಬದಲಾಯಿಸುವ ಅಧಿಕಾರ ನನಗಿಲ್ಲ, ನೀವು ಇಲ್ಲಿ ಬಾಯಲ್ಲಿ ಹೇಳಿದರೆ ನನಗೆ ಕೇಳಿಸುವುದಿಲ್ಲ ಎಂದರು. ಒಳ್ಳೆಯ ಮನುಷ್ಯ ಅಷ್ಟಕ್ಕಿಂತ ಹೆಚ್ಚು ಮಾಡಲಾರದ ಜಾಗದಲ್ಲಿ ಕೂತಿದ್ದರು.

ಮಿಸ್ತ್ರಿ ಎಲ್ಲರ ಮುಂದೆ ಹೊಸ ಜೆಟ್ ಹಾಕಿದರು. ಉಸ್ತಾದ್ ಪಕ್ಕದಲ್ಲೇ ಬಗ್ಗಿ ನಿಂತಿದ್ದರು. ಎಂಜಿನ್ ಬಿಸಿಯಾಗುವವರೆಗೆ ಕಾದು, ನಿಂತ ಎಂಜಿನ್ನಿನ ವೇಗ ಹೊಂದಿಸುವ ಐಡಲ್ ತಿರುಪನ್ನು ಎಳೆ ಎಳೆಯಾಗಿ ತಿರುಗಿಸಿ, ಸದ್ದು ಒಂದೇ ಸಮನಾದ ಮೇಲೆ ಮಿಸ್ತ್ರಿ ಕೈ ತೆಗೆದರು.

“ಆವರೇಜ್ ಕಮ್ಮಿ ಆಗ್ತೈತಲ್ರೀ?” ಎಂದು ಉಸ್ತಾದ್ ಕೇಳಿದರು.

“ಸ್ವಲ್ಪ ಆಗ್ತದೆ” ಎಂದರು ಮಿಸ್ತ್ರಿ. “ಹಳಿ ಮೇಲೆ ನಿಲ್ಲುವುದಿಲ್ಲ.”

ಉಸ್ತಾದ್ ಒಪ್ಪಿದರೋ ಬಿಟ್ಟರೋ ಹೇಳಲಿಲ್ಲ. ಎಂಟು ದಿನ ಓಡಲಿ, ಕೇಳಿ ನೋಡುತ್ತೇನೆ ಎಂದು ಹೊರಟರು. ಅವರ ಡಬ್ಬಿ ನಮ್ಮ ಮೇಜಿನ ಮೇಲೇ ಉಳಿಯಿತು.

ಮಿಸ್ತ್ರಿ ಅಂದೇ ಕೆಲಸಕ್ಕೆ ಕೂತರು, ಆದರೆ ಮುಖ ಗಂಟಿಕ್ಕಿಕೊಂಡೇ. ಆ ಕಂತಿನ ಕಾರುಗಳ ಮಾಲೀಕರಿಗೆಲ್ಲ ನಾನು ಫೋನ್ ಮಾಡಿದೆ. ಬೈದವರೇ ಹೆಚ್ಚು. ಹೊಸ ಕಾರಿನಲ್ಲಿ ದೋಷ ಇಟ್ಟುಕೊಂಡು ಮಾರಿದಿರಾ ಎಂದರು, ಮ್ಯಾನೇಜರಿಗೆ ದೂರು ಕೊಟ್ಟರು. ಮ್ಯಾನೇಜರ್ ಕೆಲವು ವಾರ ನನ್ನ ಜೊತೆ ಕೆಲಸಕ್ಕಿಂತ ಒಂದು ಮಾತು ಹೆಚ್ಚಾಡಲಿಲ್ಲ. ಇನ್ನು ಮೇಲೆ ಹಳೆಯ ಜೆಟ್ ಪೊಟ್ಟಣಕ್ಕೆ ಹಾಕಬೇಡ ಎಂದು ಮಿಸ್ತ್ರಿಗೆ ಹೇಳಿದರು. ಮಿಸ್ತ್ರಿ ಒಪ್ಪಲಿಲ್ಲ. ಗಿರಾಕಿಯದು ಗಿರಾಕಿಗೇ. ಆದರೆ ಅದಕ್ಕೆ ಮುಂಚೆ ಹಳೆಯ ಜೆಟ್ಟನ್ನು ಕಬ್ಬಿಣದ ತುಂಡಿನ ಮೇಲಿಟ್ಟು ಸುತ್ತಿಗೆಯಲ್ಲಿ ಒಂದೇಟು ಹಾಕಿ ಚಪ್ಪಟೆ ಮಾಡುತ್ತಿದ್ದರು. ಕಾರು ಒಯ್ಯಲು ಬಂದವರನ್ನು ಬಾನೆಟ್ ಹತ್ತಿರ ಕರೆದು, ಏನು ತೆಗೆದೆ, ಏನು ಹಾಕಿದೆ ಎಂದು ತಾವೇ ಹೇಳುತ್ತಿದ್ದರು. ಮಾತು ಕಡಿಮೆಯ ಮನುಷ್ಯನಿಗೆ ಅದು ಸಣ್ಣ ಶಿಕ್ಷೆಯಾಗಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಎಂಜಿನಿಯರ್ ಮತ್ತೆ ಬಂದರು. ಹೇಳಿದಂತೆ ಡಾಕ್ಟರ ಕಾರನ್ನೇ ಕರೆಸಿದರು. ಅಷ್ಟು ದಿನಗಳಲ್ಲಿ ಆ ಕಾರು ಧಾರಾವಿಗೆ ಹೋಗಿರದೆ ಇರಲು ಸಾಧ್ಯವೇ ಇರಲಿಲ್ಲ. ಮಿಸ್ತ್ರಿ ಕಾರಿನ ಹತ್ತಿರ ಬರದೆ ತಮ್ಮ ಬೆಂಚಿನಲ್ಲೇ ಯಾವುದೋ ಕಾರ್ಬುರೇಟರ್ ತೊಳೆಯುತ್ತ ನಿಂತಿದ್ದರು.

ಎಂಜಿನಿಯರ್ ಏರ್ ಕ್ಲೀನರ್ ತೆಗೆದು ಬಗ್ಗಿದರು. ತಕ್ಷಣ ಏಳಲಿಲ್ಲ. “ಯೇ ಲಾಲ್ ಕಿಸ್‌ಕಾ ಹೈ?” ಎಂದರು.

ನಾನೂ ಬಗ್ಗಿದೆ. ಸ್ಲೋ ಜೆಟ್ಟಿನ ತಲೆಯ ಮೇಲೆ ನಮ್ಮ ಹಳದಿ ಚುಕ್ಕೆ ಇತ್ತು, ಒಂದು ಬಿರುಕೂ ಇಲ್ಲದೆ. ಅದರ ಪಕ್ಕದಲ್ಲಿ ಕೆಂಪು ಬಣ್ಣದ ಇನ್ನೊಂದು ಚುಕ್ಕೆ. ಹೆಂಗಸರು ಉಗುರಿಗೆ ಹಚ್ಚಿಕೊಳ್ಳುತ್ತಾರಲ್ಲ, ಆ ಬಣ್ಣ.

“ಉಸ್ತಾದಂದು” ಎಂದರು ಹಿಂದೆ ನಿಂತಿದ್ದ ಡಾಕ್ಟರು. “ಹೋದ ವಾರ ತೋರಿಸಿದ್ದೆ. ಅವನು ಕೇಳಿದ, ಕೇಳಿದ, ಆಮೇಲೆ ಒಳಗಿಂದ ಹೆಂಡತಿಯ ಬಾಟ್ಲಿ ತಂದು ಹಚ್ಚಿದ. ಎಂಥಕ್ಕೆ ಅಂತ ಹೇಳ್ಲಿಲ್ಲ.”

ನಾನು ಎಂಜಿನಿಯರಿಗೆ ಹಿಂದಿಯಲ್ಲಿ ತಿಳಿಸಿದೆ. ಎರಡು ಚುಕ್ಕೆಯೂ ಒಡೆದಿಲ್ಲ, ಬಿಚ್ಚುವ ಅಗತ್ಯವಿಲ್ಲ ಎಂದರು ಅವರು. ಅಷ್ಟರಲ್ಲಿ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು ಸ್ಕ್ರೂಡ್ರೈವರನ್ನು ಅವರ ಮುಂದೆ ಹಿಡಿದರು. “ಖೋಲೋ ಸಾಬ್” ಎಂದರು. ಎಂಜಿನಿಯರ್ ಅವರ ಮುಖ ನೋಡಿ ಬಿಚ್ಚಿದರು. ಚುಕ್ಕೆಗಳೆರಡೂ ಒಡೆದವು. ಅಂಕಿಯನ್ನು ಬೆಳಕಿಗೆ ಹಿಡಿದು ಓದಿ, ಜೆಟ್ಟನ್ನು ಮಿಸ್ತ್ರಿಯ ಅಂಗೈಯಲ್ಲಿಟ್ಟರು. ಹೊಸದೇ.

ಮಿಸ್ತ್ರಿ ಅದನ್ನು ಮತ್ತೆ ಹಾಕಿ ಬಿಗಿ ಮಾಡಿದರು. ಎಂಜಿನ್ ಬಿಸಿಯಾಗುವವರೆಗೆ ಕಾದರು, ಸದ್ದು ಕೇಳಿದರು, ಡಬ್ಬಿ ತೆಗೆದು ಹಳದಿ ಚುಕ್ಕೆ ಇಟ್ಟರು. ಬಾನೆಟ್ ಹಾಕಿ ಡಾಕ್ಟರ ಕೈಗೆ ಕೀಲಿ ಕೊಟ್ಟರು.

“ಮನೆಗೆ ಹೋಗುವ ಮೊದಲು ಧಾರಾವಿಗೆ ಹೋಗಿ ಡಾಕ್ಟ್ರೆ” ಎಂದರು. “ಕೆಂಪು ಹಚ್ಚಿಸ್ಲಿಕ್ಕುಂಟು.”